ಕಾಯ್ದಿಟ್ಟ ತಾಕತ್ತು ಯಾರದು?

ಪ್ರತಿ ಪ್ರೊಸೆಸರನ್ನೂ ಅದರ ತಯಾರಕರು ಒಂದು ವೇಗ ಗೊತ್ತುಮಾಡಿಯೇ ಮಾರುಕಟ್ಟೆಗೆ ಬಿಡುತ್ತಾರೆ. 3 ಗಿಗಾಹರ್ಟ್ಜ್ ಎಂದರೆ ಸೆಕೆಂಡಿಗೆ 300 ಕೋಟಿ ಬಡಿತ. ಅದನ್ನು ಇನ್ನೂ ಜೋರಾಗಿ ಬಡಿಯುವಂತೆ ಮಾಡುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹಾಸ್ಟೆಲಿನಲ್ಲಿ ಗೇಮ್ ಆಡುವ ಹುಡುಗರಿಗೆ ಇದು ಗಾಡಿಯ ಸೈಲೆನ್ಸರ್ ಬದಲಿಸಿದಷ್ಟೇ ಸಹಜ. ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿ ಬಂತು ಎಂದು ನೀವು ಕೇಳಬಹುದು. ಈ ವೇಗ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಪ್ರಶ್ನೆ ತಾನಾಗಿ ಎದುರು ನಿಲ್ಲುತ್ತದೆ. ಅದು ಹೊಸದಾಗಿ ಹುಟ್ಟಿದ ವೇಗವಲ್ಲ. ಸೆಖೆಗೆ, ಧೂಳಿಗೆ, ವರ್ಷಗಳ ಸವೆತಕ್ಕೆ, ಯಾರೂ ಊಹಿಸದ ಒಂದು ಕೆಟ್ಟ ದಿನಕ್ಕೆ ಎಂದು ಕಾಯ್ದಿಟ್ಟಿದ್ದ ತಾಕತ್ತನ್ನು ಇವತ್ತೇ ತೆಗೆದು ಖರ್ಚು ಮಾಡುವುದು, ಅಷ್ಟೆ.

ನನ್ನ ಸಂಶೋಧನೆ ಕೃಷ್ಣಾ ದಂಡೆಯ ಅಂತರ್ಜಲದ ಮೇಲೆ. ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಬ್ಬಿನ ಹೊಲಗಳಲ್ಲಿ ನೀರು ಎಷ್ಟು ಮೇಲೆ ಬಂದಿದೆ, ಅದರ ಜೊತೆಗೆ ಉಪ್ಪು ಎಷ್ಟು ಏರಿದೆ ಎಂಬ ಲೆಕ್ಕವನ್ನು ಕಂಪ್ಯೂಟರ್ ಮಾದರಿಯಲ್ಲಿ ಮಾಡುತ್ತೇನೆ. ಒಂದು ಸಲ ಓಡಿಸಲು ಒಂದು ಇಡೀ ರಾತ್ರಿ ಬೇಕು. ವೇಗ ಹೆಚ್ಚಿದರೆ ಯಾರಿಗೆ ಬೇಡ? ಆದರೆ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಬೀಗ ಹಾಕಿದ ಜಾತಿಯವು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಚ್‌ಕೆ’ ಎಂದಿರುವಂಥ ಕೆಲವೇ ಪ್ರೊಸೆಸರುಗಳಿಗೆ ಆ ಬೀಗವಿಲ್ಲ. ನನ್ನದು ಬೀಗದ್ದೇ. ಆದರೂ ಎಷ್ಟು ವಾಟ್ ವಿದ್ಯುತ್ತು ಕುಡಿಯಬಹುದು ಎಂಬ ಮಿತಿಯನ್ನು ಏರಿಸಲು ಅದು ಬಿಡುತ್ತದೆ. ಬೀಗ ಮುರಿಯದೆ ಹಿತ್ತಲ ಬಾಗಿಲಿನಿಂದ ಹೋದಂತೆ.

ಇದರ ಲೆಕ್ಕ ಕಷ್ಟದ್ದಲ್ಲ. ಪ್ರೊಸೆಸರಿನ ಒಳಗೆ ಖರ್ಚಾಗುವ ಶಕ್ತಿಯ ದೊಡ್ಡ ಪಾಲು ಬಡಿತದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ವೇಗವನ್ನು ಶೇ. 10 ಹೆಚ್ಚಿಸಿ, ಅದನ್ನು ತಡೆದುಕೊಳ್ಳಲೆಂದು ವೋಲ್ಟೇಜನ್ನೂ ಶೇ. 10 ಏರಿಸಿದರೆ, 1.1ನ್ನು ಮೂರು ಸಲ ಗುಣಿಸಿದಂತಾಯಿತು. ಶಕ್ತಿ ಶೇ. 33 ಹೆಚ್ಚಾಯಿತು. ಹತ್ತು ಪಡೆಯಲು ಮೂವತ್ಮೂರು ಕೊಡುವ ವ್ಯಾಪಾರ. ಆ ಮೂವತ್ಮೂರೂ ಶಾಖವಾಗಿ ಹೊರಗೆ ಹೋಗಬೇಕು. ಲ್ಯಾಪ್‌ಟಾಪಿನಲ್ಲಿ ಹೋಗುವ ದಾರಿಯೋ, ಬೆರಳಗಲದ ತಾಮ್ರದ ಕೊಳವೆ ಮತ್ತು ಅಂಗೈಯಷ್ಟಿಲ್ಲದ ಫ್ಯಾನು.

ಇಲ್ಲಿ ಊರು ಮುಖ್ಯವಾಗುತ್ತದೆ. ಇಂಥ ಪ್ರೊಸೆಸರು ಸುಮಾರು 100 ಡಿಗ್ರಿ ಮುಟ್ಟಿದ ಕೂಡಲೇ ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಸಿ ಇರುವ 25 ಡಿಗ್ರಿಯ ಕೋಣೆಯಲ್ಲಿ ಅದಕ್ಕೂ ಗಾಳಿಗೂ ನಡುವಿನ ಅಂತರ 75 ಡಿಗ್ರಿ. ಏಪ್ರಿಲ್‌ನಲ್ಲಿ ಅಥಣಿಯ ಮಧ್ಯಾಹ್ನ 40 ಡಿಗ್ರಿ ಇದ್ದರೆ ಆ ಅಂತರ 60. ಶಾಖ ಹೊರಹೋಗುವುದು ಈ ಅಂತರದ ಬಲದಿಂದಲೇ. ಹಾಗಾಗಿ ಅದೇ ಫ್ಯಾನು, ಅದೇ ತಾಮ್ರ ಇದ್ದರೂ ಐದರಲ್ಲಿ ಒಂದು ಪಾಲು ಶಕ್ತಿಯನ್ನು ನಮ್ಮ ಬಿಸಿಲೇ ನುಂಗಿಬಿಡುತ್ತದೆ. ಇಂಟರ್‌ನೆಟ್ಟಿನಲ್ಲಿ ಯಾರೋ ತೋರಿಸಿದ ಲಾಭ ಅಥಣಿಯಲ್ಲಿ ಸಿಗುವುದಿಲ್ಲ ಎಂಬುದು ಓಡಿಸಿ ನೋಡುವ ಮೊದಲೇ ಕಾಗದದ ಮೇಲೆ ಗೊತ್ತಾಗುತ್ತದೆ.

ಓಡಿಸಿ ನೋಡಿದಾಗಲೂ ಹಾಗೇ ಆಯಿತು. ಒಂದೆರಡು ನಿಮಿಷದಲ್ಲಿ ಮುಗಿಯುವ ಪರೀಕ್ಷೆಯಲ್ಲಿ ಅಂಕ ಮೇಲೇರಿತು. ಅದೇ ಪರೀಕ್ಷೆಯನ್ನು ಬಿಡುವು ಕೊಡದೆ ಅರ್ಧ ತಾಸು ಓಡಿಸಿದರೆ ಲಾಭ ಕರಗುತ್ತ ಬಂದು, ಕೊನೆಗೆ ಮೊದಲಿನ ಹತ್ತಿರವೇ ನಿಂತಿತು. ನಮ್ಮ ಕಡೆ ಎತ್ತಿನ ಗಾಡಿ ಶರ್ಯತ್ತು ನೋಡಿದವರಿಗೆ ಇದು ಹೊಸದಲ್ಲ. ಶರ್ಯತ್ತಿನ ಎತ್ತು ಬೇರೆ, ದಿನವಿಡೀ ಹೊಲ ಹೂಡುವ ಎತ್ತು ಬೇರೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುವ ಓಟ ನೋಡಿ ಎತ್ತು ಕೊಂಡವನು ಮುಂಗಾರಿಗೆ ಏನು ಮಾಡಿಯಾನು? (ಶರ್ಯತ್ತಿಗೆ ಅವಕಾಶ ಕೊಡುವ ರಾಜ್ಯಗಳ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಎತ್ತಿನ ಅಭಿಪ್ರಾಯ ಕೇಳುವ ದಾರಿ ಯಾವ ಕೋರ್ಟಿಗೂ ಇಲ್ಲ. ಆ ಮಾತು ಇನ್ನೊಂದು ಸಲ.)

ಹಾಗಾದರೆ ಯಾವ ಅಂಕ ನಿಜ, ಮೊದಲ ನಿಮಿಷದ್ದೋ ಮೂವತ್ತನೆಯ ನಿಮಿಷದ್ದೋ? ಎರಡೂ ನಿಜವೇ. ಯಾವುದನ್ನು ಹೇಳುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬಲ್ಲಿ ಪ್ರಾಮಾಣಿಕತೆ ಇದೆ. 2013ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್4 ಫೋನು ಕೆಲವು ಪರೀಕ್ಷಾ ತಂತ್ರಾಂಶಗಳ ಹೆಸರು ಗುರುತಿಸಿ, ಅವು ಓಡುವಾಗ ಮಾತ್ರ ಹೆಚ್ಚಿನ ವೇಗಕ್ಕೆ ಏರುತ್ತದೆ ಎಂದು ಬಯಲಾಯಿತು. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಸುಣ್ಣ ಬಳಿಯುವ ಶಾಲೆಯ ಹಾಗೆ.

ಇಷ್ಟು ಕೇಳಿ, ತಯಾರಕರು ಇಟ್ಟ ಮಿತಿಯನ್ನು ಮೀರುವುದೇ ತಪ್ಪು ಎಂದು ನಾನು ಹೇಳಹೊರಟಿದ್ದೇನೆ ಅಂದುಕೊಳ್ಳಬೇಡಿ. ಆ ಮಿತಿಯೇನೂ ದೇವರು ಬರೆದದ್ದಲ್ಲ. ಒಂದೇ ಸಿಲಿಕಾನ್ ತಟ್ಟೆಯಿಂದ ಬಂದ ಚಿಪ್ಪುಗಳನ್ನು ಪರೀಕ್ಷಿಸಿ, ಒಂದೇ ಗಾಣದ ಬೆಲ್ಲವನ್ನು ಬಣ್ಣ ನೋಡಿ ಬೇರೆ ಬೇರೆ ದರಕ್ಕೆ ಇಟ್ಟ ಹಾಗೆ, ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಕೆಲವು ಮಿತಿ ಭೌತಶಾಸ್ತ್ರದ್ದು, ಕೆಲವು ಅಂಗಡಿಯದು. ಹೊರಗಿನಿಂದ ನೋಡುವವನಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಮಿತಿ ಇಟ್ಟವರೇ ಅದನ್ನು ಕಾಯುತ್ತಾರೆಂಬ ಭರವಸೆಯೂ ಇಲ್ಲ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ತಡವರಿಸತೊಡಗಿದಾಗ, ಅವುಗಳಿಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಹೋಗುತ್ತಿತ್ತು ಎಂದು ಕಂಪನಿಯೇ ಒಪ್ಪಿ, ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ಕೊಂಡವರಲ್ಲಿ ಎಷ್ಟೋ ಜನ ಏನನ್ನೂ ತಿರುಚಿದವರಲ್ಲ. ಅವರ ಪಾಲಿನ ಕಾಯ್ದಿಟ್ಟ ತಾಕತ್ತು ಅವರನ್ನು ಕೇಳದೆಯೇ ಖರ್ಚಾಗಿತ್ತು.

ಈ ‘ಕೇಳದೆಯೇ’ ಎಂಬುದರ ಮೇಲೆ ನಾನು ತುಂಬ ದಿನ ತಲೆ ಕೆಡಿಸಿಕೊಂಡಿದ್ದೇನೆ.

ಕಾಗವಾಡದ ಹತ್ತಿರ ನಮ್ಮ ಕಾಕಾ ಅವರ ಹೊಲವಿದೆ. ಎರೆಭೂಮಿ, ನದಿಯಿಂದ ಪೈಪಿನಲ್ಲಿ ತಂದ ನೀರು, ಕಬ್ಬು. 1939ರಲ್ಲಿ ಉಗಾರದ ಸಕ್ಕರೆ ಕಾರ್ಖಾನೆ ಶುರುವಾದಾಗಿನಿಂದ ಈ ಭಾಗದ ಲೆಕ್ಕವೆಲ್ಲ ಎಕರೆಗೆ ಎಷ್ಟು ಟನ್ ಎಂಬ ಒಂದೇ ಅಂಕದಲ್ಲಿ ನಡೆಯುತ್ತದೆ. ನನ್ನ ನೀರಿನ ಲೆಕ್ಕವನ್ನು ಅವರಿಗೆ ತೋರಿಸಿದಾಗ ಅವರು ಹೇಳಿದ್ದು: “ಮೊದಲಿಗೆ ಕಬ್ಬು ಹ್ಯಾಂಗ ಬಂತಂದ್ರ, ಒಳಗ ಹೋದ ಮನಷ್ಯಾ ಕಾಣತಿದ್ದಿಲ್ಲ. ನೀರು ಹೆಚ್ಚಾತಂತ ಯಾರೂ ಹೇಳಲಿಲ್ಲೋ ತಮ್ಮಾ. ಹೇಳಿದ್ರ ಕೇಳತಿದ್ವಿ ಅಂತನೂ ಅಲ್ಲ.” ಈಗ ಹೊಲದ ತಗ್ಗಿನ ಮೂಲೆಯಲ್ಲಿ ಬೇಸಿಗೆಗೆ ಬಿಳಿ ಪದರ ಕಾಣುತ್ತದೆ. ಸವಳು.

ಹೆಚ್ಚು ನೀರು ಕೊಟ್ಟಾಗ ಎರೆಮಣ್ಣು ಅದನ್ನು ಬೇಗ ಬಸಿಯಲು ಬಿಡುವುದಿಲ್ಲ. ನೆಲದಡಿಯ ನೀರು ಮೇಲೇರುತ್ತದೆ, ಬಿಸಿಲು ನೀರನ್ನು ಎಳೆದುಕೊಂಡು ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಮೊದಲ ವರ್ಷಗಳ ಅಂಕ ಮೇಲೇರುತ್ತಲೇ ಇರುತ್ತದೆ. ಖರ್ಚಾಗುತ್ತಿರುವ ತಾಕತ್ತು ಆ ಅಂಕದಲ್ಲಿ ಕಾಣುವುದಿಲ್ಲ. ಇಲ್ಲಿಯವರೆಗೆ ನನ್ನ ಲ್ಯಾಪ್‌ಟಾಪಿನ ಕಥೆಯೇ ಇದು. ಇಲ್ಲಿಂದ ಮುಂದೆ ಅಲ್ಲ. ನನ್ನ ಪ್ರೊಸೆಸರು ಸುಟ್ಟರೆ ನನ್ನ ಫೆಲೋಶಿಪ್ಪಿನ ದುಡ್ಡು ಹೋಗುತ್ತದೆ, ಅಷ್ಟೇ. ನೀರಿಗೆ ಬದುವು ಗೊತ್ತಿಲ್ಲ. ಮೇಲಿನವನು ಹಾಯಿಸಿದ್ದು ಕೆಳಗಿನವನ ಹೊಲದಲ್ಲಿ ಜವಳಾಗಿ ಎದ್ದು ಬರುತ್ತದೆ. ಟನ್ನಿನ ಬಿಲ್ಲು ಮೇಲಿನವನ ಹೆಸರಿಗೆ ಬಂದಿರುತ್ತದೆ. ತನ್ನ ಕಾಯ್ದಿಟ್ಟದ್ದನ್ನು ತಿಳಿದು ಖರ್ಚು ಮಾಡುವವನನ್ನು ಸಾಹಸಿ ಎನ್ನಬಹುದು, ಮೂರ್ಖ ಎನ್ನಬಹುದು. ಇನ್ನೊಬ್ಬನದನ್ನು ಖರ್ಚು ಮಾಡಿ ಅದನ್ನು ತನ್ನ ಸಾಮರ್ಥ್ಯವೆಂದು ತೋರಿಸುವವನಿಗೆ ಆ ಎರಡೂ ಹೆಸರು ಸಾಲುವುದಿಲ್ಲ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಕೂಲಿ ಸಾವಿರಕ್ಕೆ ಇಷ್ಟು ಎಂದು. ಇಲ್ಲಿ ಬಡಿತ ಏರಿಸುವವರು ಯಾರು? ಕೈ ಅವರದೇ, ವೇಗ ಅವರದೇ, ಯಾರೂ ಚಾಟಿ ಹಿಡಿದು ನಿಂತಿಲ್ಲ. ತನ್ನ ಬೆನ್ನನ್ನು, ಕಣ್ಣನ್ನು, ಎದೆಯನ್ನು ಅವಳು ತಾನೇ ಖರ್ಚು ಮಾಡುತ್ತಾಳೆ ಎಂದು ವಾದಿಸಿದರೆ, ನಾನು ಮೇಲೆ ಹೇಳಿದ ಮಾತಿನ ಪ್ರಕಾರ ಅದು ಅವಳ ಇಷ್ಟ. ಆದರೆ ದರ ಗೊತ್ತುಮಾಡಿದವನು ಬೇರೆ. ಆ ದರದಲ್ಲಿ ಮನೆ ನಡೆಯಬೇಕಾದರೆ ಕೈ ಎಷ್ಟು ಬೇಗ ಓಡಬೇಕು ಎಂಬುದು ದರದ ಒಳಗೇ ಬರೆದಿದೆ. ಆದ್ದರಿಂದ ತಿಳಿದು ಖರ್ಚು ಮಾಡಿದರೆ ಸಾಲದು. ಖರ್ಚು ಮಾಡದೆ ಇರುವ ದಾರಿಯೂ ಅವಳಿಗೆ ಇರಬೇಕು. ನನಗೆ ಆ ದಾರಿ ಇದೆ. ಒಂದು ರಾತ್ರಿ ಹೆಚ್ಚು ಕಾಯಬಹುದು.

ನನ್ನ ಲ್ಯಾಪ್‌ಟಾಪಿನ ಖರ್ಚು ನನ್ನ ಒಬ್ಬನದೇ ಎಂದೆನಲ್ಲ, ಅದನ್ನೂ ಸ್ವಲ್ಪ ತಿರುಗಿಸಿ ನೋಡಬೇಕು. ಮಿತಿ ದಾಟಿದ ಯಂತ್ರ ಪರದೆ ನೀಲಿ ಮಾಡಿಕೊಂಡು ನಿಂತುಬಿಟ್ಟರೆ ಅದು ಪ್ರಾಮಾಣಿಕ ಯಂತ್ರ. ಭಯ ಇರುವುದು ನಿಲ್ಲದೆ, ಎಲ್ಲೋ ಒಂದು ಅಂಕಿಯನ್ನು ತಪ್ಪಾಗಿ ಕೂಡಿ ಮುಂದೆ ಹೋಗುವ ಯಂತ್ರದ್ದು. ಪ್ರೈಮ್95 ಎಂಬ ತಂತ್ರಾಂಶ ಇದನ್ನು ಹಿಡಿಯಲು ಗೊತ್ತಿರುವ ಉತ್ತರಗಳ ಲೆಕ್ಕವನ್ನೇ ತಾಸುಗಟ್ಟಲೆ ಮಾಡಿಸಿ ಹೋಲಿಸುತ್ತದೆ. ಗೊತ್ತಿರುವ ಉತ್ತರ! ನನ್ನ ಮಾದರಿಗೆ ಅದು ಎಲ್ಲಿದೆ? ಉತ್ತರ ಗೊತ್ತಿದ್ದರೆ ಪಿಎಚ್.ಡಿ. ಏಕೆ? ಆ ತಂತ್ರಾಂಶ ಪಾಸು ಮಾಡಿದರೂ, ಇಲ್ಲಿಯವರೆಗೆ ತಪ್ಪು ಕಂಡಿಲ್ಲ ಎಂದಷ್ಟೇ ಅರ್ಥ. ನಾಳೆ ನನ್ನ ನಕ್ಷೆ ನೋಡಿ ಯಾವ ಸರ್ವೆ ನಂಬರಿನಲ್ಲಿ ಬಸಿಗಾಲುವೆ ಬೇಕು, ಯಾವುದರಲ್ಲಿ ಬೇಡ ಎಂದು ಯಾರಾದರೂ ತೀರ್ಮಾನಿಸಿದರೆ, ನಾನು ಉಳಿಸಿಕೊಂಡ ಎರಡು ತಾಸಿನ ಬೆಲೆಯನ್ನು ಕೊಡುವವನು ನನಗೆ ಗುರುತೇ ಇಲ್ಲದ ರೈತ.

ಹಾಗಾಗಿ ಈಗ ಸಂಶೋಧನೆಯ ಲೆಕ್ಕವನ್ನು ತಯಾರಕರು ಕೊಟ್ಟ ಮಿತಿಯಲ್ಲೇ, ರಾತ್ರಿ ಹತ್ತರ ಮೇಲೆ, ಕಿಟಕಿ ತೆರೆದಿಟ್ಟು ಓಡಿಸುತ್ತೇನೆ. ಮುಖ್ಯವಾದದ್ದನ್ನು ಇನ್ನೊಂದು ಯಂತ್ರದಲ್ಲಿ ಮತ್ತೊಮ್ಮೆ ಓಡಿಸಿ, ಎರಡನ್ನೂ ಹೋಲಿಸುತ್ತೇನೆ. ಭಾನುವಾರ ತಮ್ಮ ಬಂದು ಗೇಮ್ ಆಡಲು ಕೇಳಿದರೆ ಮಿತಿ ಏರಿಸಿ ಕೊಡುತ್ತೇನೆ. ಹಾಳಾದರೆ ನನ್ನದು ಹಾಳಾಗುತ್ತದೆ.

ಉಗಾರ ಬುದ್ರುಕದ ಕಡೆ ಸವಳು ತೊಳೆಯಲು ನೆಲದಡಿ ತೂತಿನ ಪೈಪು ಹೂತು, ಉಪ್ಪುನೀರನ್ನು ಹೊರಗೆ ಬಸಿಯುವ ವ್ಯವಸ್ಥೆ ಮಾಡಿದ್ದಾರೆ. ಒಳ್ಳೆಯ ಕೆಲಸ, ಹೊಲ ಮತ್ತೆ ಬೆಳೆಗೆ ಬರುತ್ತದೆ. ಬಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕಾಕಾ ಕೇಳಿದರು. ಹಳ್ಳಕ್ಕೆ ಎಂದೆ. ಹಳ್ಳ ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಲಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.