ವೇದಿಕೆಯ ಮೇಲೆ ಯಾರು ಕೂರಬೇಕು?

ಪುಣೆಗೆ ಬಂದು ನೆಲೆಸಿದ ನಮ್ಮ ಕಡೆಯ ಮಂದಿ ಎರಡು ಕೆಲಸಗಳಲ್ಲಿ ಪಳಗಿದವರು. ಒಂದು, ಬಾಡಿಗೆ ಮನೆ ಹುಡುಕುವುದು. ಇನ್ನೊಂದು, ಸಮಾರಂಭ ಮಾಡುವುದು. ರಾಜ್ಯೋತ್ಸವಕ್ಕೆ ಹಾಲ್ ಎಲ್ಲಿ ಅಗ್ಗಕ್ಕೆ ಸಿಗುತ್ತದೆ, ಇನ್ನೂರು ಜನಕ್ಕೆ ಎಷ್ಟು ಕಿಲೋ ಅಕ್ಕಿ ಹಾಕಬೇಕು, ಮುಖ್ಯ ಅತಿಥಿ ತಡವಾದರೆ ಯಾರ ಕೈಲಿ ದಾಸರ ಪದ ಹಾಡಿಸಬೇಕು, ಇವೆಲ್ಲ ನಮಗೆ ಬಾಯಿಪಾಠ. ಅದಕ್ಕೇ ಇರಬೇಕು, 2023ರ ಚಳಿಗಾಲದಲ್ಲಿ ಇಲ್ಲಿನ ಒಂದು ಸೇವಾ ಸಂಸ್ಥೆಯವರು ನಗರದಲ್ಲಿ ಓದುತ್ತಿರುವ ಆಫ್ರಿಕದ ಹುಡುಗ ಹುಡುಗಿಯರಿಗಾಗಿ ಎರಡು ದಿನಗಳ 'ಸ್ಫೂರ್ತಿದಾಯಕ ನಾಯಕತ್ವ ಸಮ್ಮೇಳನ' ಮಾಡಲು ಹೊರಟಾಗ, ವ್ಯವಸ್ಥಾಪಕ ಸಮಿತಿಯಲ್ಲಿ ನಾವು ಮೂವರು ಕನ್ನಡದವರು ಸೇರಿಕೊಂಡಿದ್ದೆವು. ನನ್ನ ಪಾಲಿಗೆ ಬಂದದ್ದು ಕಾರ್ಯಕ್ರಮ ಪತ್ರಿಕೆ.

ಪುಣೆಗೂ ಆಫ್ರಿಕಕ್ಕೂ ನಂಟು ಹಳೆಯದು. ಇಲ್ಲಿನ ಸಿಂಬಯೋಸಿಸ್ ಸಂಸ್ಥೆ ಹುಟ್ಟಿದ ಕತೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಸ್. ಬಿ. ಮುಜುಮದಾರರು ಹಾಸ್ಟೆಲಿನ ಮೇಲ್ವಿಚಾರಕರೂ ಆಗಿದ್ದರು. ಹುಡುಗರ ಹಾಸ್ಟೆಲಿನ ಕಿಟಕಿಯೊಳಗೆ ಹುಡುಗಿಯೊಬ್ಬಳು ಏನನ್ನೋ ಕೊಡುವುದು ಅವರ ಕಣ್ಣಿಗೆ ಬಿತ್ತು. ಗದರಿಸಬೇಕೆಂದು ಹೋಗಿ ವಿಚಾರಿಸಿದರೆ, ಮಾರಿಷಸ್‌ನಿಂದ ಬಂದ ಹುಡುಗ ಕಾಮಾಲೆಯಾಗಿ ಮಲಗಿದ್ದಾನೆ, ನೋಡಿಕೊಳ್ಳುವವರು ಯಾರೂ ಇಲ್ಲ, ಅವಳು ಊಟ ತಂದುಕೊಡುತ್ತಿದ್ದಾಳೆ. ದೂರದಿಂದ ಬಂದ ಮಕ್ಕಳಿಗೆ ಈ ಊರಿನಲ್ಲಿ ಒಂದು ಮನೆ ಇರಬೇಕು ಅನ್ನಿಸಿ 1971ರಲ್ಲಿ ಅವರು ಕಟ್ಟಿದ್ದು ಈ ಸಂಸ್ಥೆ. ಹೆಸರು ಕೂಡ ಸಸ್ಯಶಾಸ್ತ್ರದ್ದೇ: ಎರಡು ಬೇರೆ ಜಾತಿಯ ಜೀವಗಳು ಜತೆಯಾಗಿ ಬದುಕುವುದು. ಈ ಕತೆಯಲ್ಲಿ ಭಾಷಣ ಮಾಡಿದವರು ಯಾರೂ ಇಲ್ಲ, ಗಮನಿಸಿ.

ನಮ್ಮ ಕಾರ್ಯಕ್ರಮ ಪತ್ರಿಕೆಯಲ್ಲಿ ಮಾತ್ರ ಭಾಷಣ ಬಿಟ್ಟು ಬೇರೇನೂ ಇರಲಿಲ್ಲ. ಮೊದಲ ಕರಡಿನಲ್ಲಿ ಹನ್ನೊಂದು ಮಂದಿ ಮಾತುಗಾರರು. ಒಬ್ಬರು ನಿವೃತ್ತ ಸೇನಾಧಿಕಾರಿ, ಇಬ್ಬರು ಉದ್ಯಮಿಗಳು, ಒಬ್ಬರು ಯೋಗದವರು, ಉಳಿದವರು ನಮ್ಮ ಹಾಗೆ ಮಾಸ್ತರರು. ಹನ್ನೊಂದಕ್ಕೆ ಹನ್ನೊಂದೂ ನಮ್ಮವರೇ. ಆಫ್ರಿಕದ ವಿದ್ಯಾರ್ಥಿಗಳ ಹೆಸರು ಪತ್ರಿಕೆಯ ಕೊನೆಯ ಪುಟದಲ್ಲಿ, ಸ್ವಯಂಸೇವಕರ ಪಟ್ಟಿಯಲ್ಲಿ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಧಾರವಾಡದ ಕಡೆಯವರು, ಎಲ್ಲರಿಗೂ ಅವರು ಕಾಕಾ. ಪತ್ರಿಕೆಯನ್ನು ಕನ್ನಡಕ ಏರಿಸಿ ಓದಿ ಅವರು ಅಂದರು: "ಅಲ್ಲಪಾ, ಅವರನ್ನ ಕರದು ಕುಂಡ್ರಿಸಿ ಎರಡು ದಿವಸ ನಾವ ಮಾತಾಡೋದೇನು? ಆ ಹುಡುಗರಿಗೆ ಭಾಷಣ ಬ್ಯಾಡಾಗೇದ, ಮನಿ ಬೇಕಾಗೇದ."

ಇದು ತಮಾಷೆಯ ಮಾತಲ್ಲ. ಪುಣೆಯಲ್ಲಿ ಬಾಡಿಗೆ ಮನೆ ಸಿಗದೆ ಒದ್ದಾಡಿದವರು ನಾವೂ ಇದ್ದೇವೆ. ಮರಾಠಿ ಬರುತ್ತದೆಯೇ, ಮದುವೆಯಾಗಿದೆಯೇ, ಮೀನು ಮಾಂಸ ಉಂಟೇ, ಎಲ್ಲಕ್ಕೂ ಉತ್ತರ ಕೊಟ್ಟು ಬಂದವರೇ. ಆದರೆ ನಾವು ಮನೆ ಮಾಲೀಕರ ಮುಂದೆ ನಿಂತಾಗ ಅವರ ಮುಖದಲ್ಲಿ ಭಯ ಇರುತ್ತಿರಲಿಲ್ಲ. ಆ ಹುಡುಗರ ಎದುರು ಅದು ಇರುತ್ತದೆ. ವಿದೇಶದವರು ಉಳಿದುಕೊಂಡರೆ 24 ಗಂಟೆಯೊಳಗೆ ಫಾರ್ಮ್ ತುಂಬಿ ತಿಳಿಸಬೇಕೆಂಬ ನಿಯಮ ಒಂದಿದೆ. ಆನ್‌ಲೈನಿನಲ್ಲಿ ಆಗುವ ಕೆಲಸ. ಅದನ್ನೇ ದೊಡ್ಡ ಗುಡ್ಡ ಮಾಡಿ, 'ನಮ್ಮದೇನೂ ಇಲ್ಲಪ್ಪ, ಪೋಲಿಸರ ರಗಳೆ' ಅಂತ ಬಾಗಿಲು ಹಾಕುವುದು ರೂಢಿ.

ಹಾಗಾದರೆ ಪ್ರಶ್ನೆ ಇದು. ಮನೆ ಕೊಡದ ಊರು ಸ್ಫೂರ್ತಿ ಕೊಡಬಹುದೇ?

ಸಮಿತಿಯಲ್ಲಿ ಇದಕ್ಕೆ ಬಂದ ಉತ್ತರವನ್ನು ತಳ್ಳಿಹಾಕುವಂತಿಲ್ಲ. "ಮನೆ ಮಾಲೀಕರು ಬೇರೆ, ನಾವು ಬೇರೆ. ಅವರ ತಪ್ಪಿಗೆ ನಾವು ಒಳ್ಳೇ ಕೆಲಸ ಬಿಡಬೇಕೇ? ಒಂದು ಭಾಷಣದಿಂದ ಬದುಕೇ ಬದಲಾದವರಿಲ್ಲವೇ?" ಇದ್ದಾರೆ. ಕಾಲೇಜು ದಿನಗಳಲ್ಲಿ ಕೇಳಿದ ಒಂದು ಉಪನ್ಯಾಸದಿಂದ ಎದ್ದುಹೋಗಿ ಹಳ್ಳಿಯಲ್ಲಿ ಶಾಲೆ ಕಟ್ಟಿದವರನ್ನು ನಾನೇ ಬಲ್ಲೆ. ಆದರೂ ನಮ್ಮ ಭಾಷೆ ಈ ವಿಷಯದಲ್ಲಿ ನಮಗಿಂತ ಜಾಣೆ. ಸ್ಫೂರ್ತಿ ಅನ್ನುವುದು ಸ್ಫುರಿಸುವಂಥದ್ದು, ಒಳಗಿನಿಂದ ಮಿಂಚುವಂಥದ್ದು. ಸೇರಿನಲ್ಲಿ ಅಳೆದು ಇನ್ನೊಬ್ಬರ ಸೆರಗಿಗೆ ಹಾಕುವ ವಸ್ತು ಅದಲ್ಲ. ಕೊಡುವುದು ದಾನ, ಹೇಳುವುದು ಉಪದೇಶ. 'ನಾನು ನಿನಗೆ ಸ್ಫೂರ್ತಿ ಕೊಡುತ್ತೇನೆ' ಎಂದು ಹೊರಟವನು, ತಿಳಿದೋ ತಿಳಿಯದೆಯೋ, ಕೇಳುವವನು ಬರಿದಾಗಿದ್ದಾನೆ ಎಂದು ಮೊದಲೇ ತೀರ್ಮಾನ ಮಾಡಿರುತ್ತಾನೆ. ಆಫ್ರಿಕದವರ ಬಗ್ಗೆ ಜಗತ್ತು ನೂರಾರು ವರ್ಷ ಮಾಡಿದ ತೀರ್ಮಾನ ಇದೇ ತಾನೇ?

ಮೊದಲ ದಿನದ ಮೊದಲ ಭಾಷಣದಲ್ಲೇ ಇದು ಹೊರಬಿತ್ತು. ಮಾತುಗಾರರು ಒಳ್ಳೆಯವರು, ತಯಾರಿ ಮಾಡಿಕೊಂಡು ಬಂದಿದ್ದರು. ಗಾಂಧಿ ದಕ್ಷಿಣ ಆಫ್ರಿಕದಲ್ಲಿ 21 ವರ್ಷ ಕಳೆದದ್ದು, 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ಸ್ಟೇಷನ್ನಿನಲ್ಲಿ ಅವರನ್ನು ರೈಲಿನಿಂದ ಹೊರದಬ್ಬಿದ್ದು, ಎಲ್ಲ ಹೇಳಿ, "ನಿಮ್ಮ ನೆಲವೇ ನಮಗೆ ಮಹಾತ್ಮನನ್ನು ಕೊಟ್ಟಿತು" ಎಂದರು. ಚಪ್ಪಾಳೆ ಬಿತ್ತು. ಆಗ ಘಾನಾದ ಹುಡುಗನೊಬ್ಬ ಎದ್ದು ಬಹಳ ವಿನಯದಿಂದ ಕೇಳಿದ: ನಮ್ಮ ಘಾನಾ ವಿಶ್ವವಿದ್ಯಾಲಯದಿಂದ 2018ರ ಡಿಸೆಂಬರಿನಲ್ಲಿ ಗಾಂಧಿಯ ಪ್ರತಿಮೆಯನ್ನು ತೆಗೆಸಿದರು, ಅದು ನಿಮಗೆ ಗೊತ್ತೇ? ಎರಡು ವರ್ಷದ ಹಿಂದಷ್ಟೇ ನಮ್ಮ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಅನಾವರಣ ಮಾಡಿದ್ದ ಪ್ರತಿಮೆ ಅದು. ದಕ್ಷಿಣ ಆಫ್ರಿಕದ ಮೊದಲ ವರ್ಷಗಳಲ್ಲಿ ಗಾಂಧಿ ಅಲ್ಲಿನ ಕಪ್ಪು ಜನರ ಬಗ್ಗೆ ಕೀಳಾಗಿ ಬರೆದಿದ್ದರು ಎಂಬುದು ಅಲ್ಲಿನ ಅಧ್ಯಾಪಕರ ಆಕ್ಷೇಪ.

ಹಾಲ್ ತಣ್ಣಗಾಯಿತು. ನಿರೂಪಕಿ ಚಹಾ ವಿರಾಮ ಅಂತ ಹೇಳಲು ಮೈಕಿನತ್ತ ಹೊರಟಿದ್ದಳು. ಮಾತುಗಾರರು ಅವಳನ್ನು ತಡೆದು, "ಹೌದು, ಬರೆದಿದ್ದರು" ಎಂದರು. ನಂತರ ಬಂದದ್ದು ಪತ್ರಿಕೆಯಲ್ಲಿ ಇಲ್ಲದ ಒಂದು ಗಂಟೆ. ಘಾನಾದ ಎನ್‌ಕ್ರೂಮಾ ಅವರೇ 1950ರ ತಮ್ಮ ಚಳವಳಿಗೆ ಗಾಂಧಿಯ ದಾರಿಯಿಂದ ಕಲಿತದ್ದನ್ನು ಇನ್ನೊಬ್ಬ ವಿದ್ಯಾರ್ಥಿ ನೆನಪಿಸಿದ. ತಮ್ಮ ಎರಡು ಮಾತುಗಳಲ್ಲಿ ವಿರೋಧ ಕಂಡರೆ ನಂತರದ್ದನ್ನು ಹಿಡಿಯಿರಿ ಎಂದು ಗಾಂಧಿ ತಾವೇ ಬರೆದದ್ದನ್ನು ಮಾತುಗಾರರು ಹೇಳಿದರು. ಹುಡುಗ ಒಪ್ಪಿದನೋ ಇಲ್ಲವೋ, ಗೊತ್ತಿಲ್ಲ. ಆದರೆ ಆ ಎರಡು ದಿನಗಳಲ್ಲಿ ಆ ಹಾಲಿನಲ್ಲಿ ಏನಾದರೂ ಸ್ಫುರಿಸಿದ್ದರೆ ಆ ಒಂದು ಗಂಟೆಯಲ್ಲೇ, ಮತ್ತು ಅದು ಎರಡೂ ಕಡೆಯವರಲ್ಲಿ. ಪ್ರಶ್ನೆ ತಡೆದುಕೊಳ್ಳಲಾರದ ಆದರ್ಶವನ್ನು ಶೋಕೇಸಿನಲ್ಲಿ ಇಡಬಹುದು, ಅಷ್ಟೇ.

ಅಂದು ರಾತ್ರಿ ಸಮಿತಿ ಕೂತು ಎರಡನೇ ದಿನದ ಪತ್ರಿಕೆಯನ್ನು ಹರಿದುಹಾಕಿತು. ಕೆಲವರು ಮುನಿಸಿಕೊಂಡರು, ಯೋಗದವರು ಬರಲೇ ಇಲ್ಲ. ವೇದಿಕೆ ವಿದ್ಯಾರ್ಥಿಗಳದಾಯಿತು, ಕೆಳಗೆ ಕೂತವರು ನಾವು.

ಅವರು ಮಾತಾಡಿದ್ದು ಬಹುಪಾಲು ಕುರ್ಚಿಯ ಬಗ್ಗೆ. ನಾಯಕನಾಗುವುದು ಹೇಗೆ ಅನ್ನುವುದು ನಮ್ಮ ಭಾಷಣಗಳ ವಿಷಯವಾಗಿತ್ತು. ನಾಯಕನಾದವನು ಇಳಿಯುವುದು ಹೇಗೆ ಅನ್ನುವುದು ಅವರದು. ನೈಜೀರಿಯದ ಹುಡುಗಿ ಒಲುಸೆಗುನ್ ಒಬಸಾಂಜೊ ಅವರ ಕತೆ ಎತ್ತಿದಳು. 1960ರ ದಶಕದಲ್ಲಿ ಆ ತರುಣ ಅಧಿಕಾರಿ ನೀಲಗಿರಿಯ ವೆಲಿಂಗ್ಟನ್ನಿನಲ್ಲೂ ನಮ್ಮ ಪುಣೆಯ ಸೇನಾ ಎಂಜಿನಿಯರಿಂಗ್ ಶಾಲೆಯಲ್ಲೂ ತರಬೇತಿ ಪಡೆದವರು. 1979ರಲ್ಲಿ ಸೇನಾ ಆಡಳಿತವನ್ನು ಮುಗಿಸಿ ಚುನಾಯಿತ ಅಧ್ಯಕ್ಷರಿಗೆ ಅಧಿಕಾರ ಬಿಟ್ಟುಕೊಟ್ಟರು. ಮುಂದೆ ಅಬಾಚನ ಸರ್ವಾಧಿಕಾರದಲ್ಲಿ ಜೈಲು ಕಂಡರು. 1999ರಲ್ಲಿ ಜನರೇ ಆರಿಸಿ ತಂದರು. 2006ರಲ್ಲಿ ಮೂರನೇ ಅವಧಿಗೆ ದಾರಿ ಮಾಡುವ ತಿದ್ದುಪಡಿ ಬಂತು, ಸೆನೆಟ್ ಅದನ್ನು ತಳ್ಳಿಹಾಕಿತು. ಅದು ತಮ್ಮ ಬಯಕೆಯಾಗಿರಲಿಲ್ಲ ಎಂದು ಅವರು ಹೇಳುತ್ತ ಬಂದಿದ್ದಾರೆ. ದೆಹಲಿಯಲ್ಲಿ ಅರ್ಥಶಾಸ್ತ್ರ ಓದಿದ ಬಿಂಗು ವಾ ಮುಥಾರಿಕ ಮಲಾವಿಯ ಅಧ್ಯಕ್ಷರಾಗಿ ಬಡ ರೈತರಿಗೆ ಗೊಬ್ಬರ ಕೊಟ್ಟು ಹೊಗಳಿಸಿಕೊಂಡರು. 2011ರ ಜುಲೈಯಲ್ಲಿ ಅವರ ಆಡಳಿತದ ವಿರುದ್ಧ ಬೀದಿಗಿಳಿದ ಜನರ ಮೇಲೆ ಪೋಲಿಸರು ಗುಂಡು ಹಾರಿಸಿದರು. "ಇವರಿಬ್ಬರಿಗೂ ಭಾರತ ಒಳ್ಳೇ ಪಾಠವನ್ನೇ ಕಲಿಸಿತ್ತಲ್ಲವೇ?" ಎಂದು ಅವಳು ಕೇಳಿದ್ದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ತಾಂಜಾನಿಯಾದವನು ನೈರೇರೆ ಅವರನ್ನು ತಂದ. ಅಲ್ಲಿನ ಜನ ಅವರನ್ನು ಕರೆಯುವುದು ಮ್ವಾಲಿಮು ಎಂದು, ಅಂದರೆ ಮೇಷ್ಟ್ರು. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ಸ್ವಾಹಿಲಿಗೆ ತಂದ ಮನುಷ್ಯ ಅವರು. ಜನರನ್ನು ಹೊಸ ಹಳ್ಳಿಗಳಿಗೆ, ಎಷ್ಟೋ ಕಡೆ ಬಲವಂತವಾಗಿ, ಸಾಗಿಸಿದ ಅವರ ಯೋಜನೆಯಿಂದ ತನ್ನ ಅಜ್ಜನ ಹೊಲ ಹೋಯಿತು ಎಂದು ಆ ಹುಡುಗ ಹೇಳಿದ. ಅದೇ ಉಸಿರಿನಲ್ಲಿ, "ಆದರೂ 1985ರಲ್ಲಿ ಯಾರೂ ತಳ್ಳದೆ ತಾವೇ ಅಧ್ಯಕ್ಷ ಪದವಿ ಬಿಟ್ಟರು, ಅದಕ್ಕೇ ನನ್ನ ಅಜ್ಜ ಅವರ ಫೋಟೋ ಗೋಡೆಯಿಂದ ತೆಗೆಯಲಿಲ್ಲ" ಎಂದ. ಅವಧಿ ಮುಗಿದಾಗ ಮರ್ಯಾದೆಯಿಂದ ಇಳಿದ ಆಫ್ರಿಕದ ನಾಯಕರಿಗೆಂದೇ ಮೊ ಇಬ್ರಾಹಿಂ ಪ್ರತಿಷ್ಠಾನದ ದೊಡ್ಡ ಬಹುಮಾನ ಒಂದಿದೆ. 2007ರಲ್ಲಿ ಮೊದಲು ಮೊಜಾಂಬಿಕ್‌ನ ಶಿಸಾನೊ ಅವರಿಗೆ ಬಂತು. ಎಷ್ಟೋ ವರ್ಷ ಯೋಗ್ಯರು ಸಿಗದೆ ಬಹುಮಾನ ಹಾಗೇ ಉಳಿದಿದೆ. ಇದನ್ನು ಕೇಳಿ ನಮ್ಮ ಸಾಲಿನಲ್ಲಿ ಒಬ್ಬರು ಮುಸಿ ಮುಸಿ ನಕ್ಕರು. ಹೊರನಾಡಿನ ಕನ್ನಡ ಸಂಘಗಳಲ್ಲಿ ಹದಿನೆಂಟು ವರ್ಷ ಅಧ್ಯಕ್ಷರಾಗಿ ಉಳಿದವರನ್ನು ಬಲ್ಲ ನಾವು ನಗುವುದಲ್ಲದೆ ಇನ್ನೇನು ಮಾಡಬೇಕು?

ಊರ ಕಡೆಯ ಓದುಗರು ಇದನ್ನು ಪುಣೆಯ ಸಮಾಚಾರ ಅಂತ ಓದಿ ಪಕ್ಕಕ್ಕಿಡಬಾರದು. 2016ರ ಜನವರಿ ಕೊನೆಯಲ್ಲಿ, ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತಾಗ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಆ ಹುಡುಗರಿಗೆ ಎಲ್ಲರಿಗೂ ಈ ಸುದ್ದಿ ಗೊತ್ತು. ನಾನು ಕರ್ನಾಟಕದವನು ಅಂದಾಗ ಅವರು ಅದನ್ನು ಎತ್ತಲಿಲ್ಲ, ಅದು ಅವರ ಸೌಜನ್ಯ. ಎತ್ತಿದ್ದು ನಮ್ಮ ಸಿದ್ದಿಗಳ ವಿಷಯ. ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಆಫ್ರಿಕ ಮೂಲದ ಜನ ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡಿಕೊಂಡು ಬದುಕಿದ್ದಾರೆ, 2020ರಲ್ಲಿ ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು ಎಂದಾಗ ನಂಬಲಿಲ್ಲ, ಫೋಟೋ ಕೇಳಿದರು. ಮಲಿಕ್ ಅಂಬರ್ ಬಗ್ಗೆ ಹೇಳಿದೆ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದವನು ಅಹಮದನಗರ ರಾಜ್ಯದ ಸೂತ್ರ ಹಿಡಿದ, ಮೊಗಲರನ್ನು ವರ್ಷಗಟ್ಟಲೆ ತಡೆದ, 1610ರಲ್ಲಿ ಖಡ್ಕಿ ಎಂಬ ಊರು ಕಟ್ಟಿ ನೆಲದಡಿಯ ಕಾಲುವೆಗಳಿಂದ ನೀರು ತಂದ. ಆ ಊರೇ ಮುಂದೆ ಔರಂಗಾಬಾದ್ ಆಯಿತು, 2023ರಿಂದ ಛತ್ರಪತಿ ಸಂಭಾಜಿನಗರ. "ಅಂದರೆ ನಾಲ್ಕುನೂರು ವರ್ಷದ ಹಿಂದೆ ನಮ್ಮವನಿಗೆ ಇಲ್ಲಿ ಮನೆ ಸಿಕ್ಕಿತ್ತು" ಎಂದು ಘಾನಾದ ಹುಡುಗ ನಕ್ಕ.

ಮರುವರ್ಷದ ಸಮ್ಮೇಳನವನ್ನು ವಿದ್ಯಾರ್ಥಿಗಳೇ ನಡೆಸಿದರು. ಹೆಸರಿನಿಂದ 'ಸ್ಫೂರ್ತಿದಾಯಕ' ಅನ್ನುವುದನ್ನು ಕೈಬಿಟ್ಟರು. ಸಮಿತಿಯಿಂದ ಕೇಳಿದ್ದು ಹಾಲ್, ಮೈಕು, ಮಧ್ಯಾಹ್ನದ ಊಟ, ಮತ್ತು ಮೊದಲ ಸಾಲಿನಲ್ಲಿ ಕೂರಲು ಇಪ್ಪತ್ತು ಮಂದಿ ಮನೆ ಮಾಲೀಕರು. ಕಾಗದ ಬರೆದವನು ನಾನೇ. ನಾನು ಸ್ವತಃ ಬಾಡಿಗೆಯವನು, ಹೀಗಾಗಿ ಬರೆಯುವುದು ಸುಲಭವಾಗಿತ್ತು. ಬಂದವರು ಮೂವರು.

ಅವರಲ್ಲಿ ಕಾಕಾ ಒಬ್ಬರು. ಅವರ ಮಹಡಿಯ ಮೇಲಿನ ಎರಡು ಕೋಣೆ ದೀಪಾವಳಿಯಿಂದ ಖಾಲಿ ಬಿದ್ದಿವೆ. ಅಂದು ಎಲ್ಲ ಮುಗಿದ ಮೇಲೆ ತಾಂಜಾನಿಯಾದ ಹುಡುಗ ನೇರ ಅವರ ಬಳಿ ಬಂದು ಕೇಳಿದ. ಕಾಕಾ ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಮನ್ಯಾಗ ಸೊಸಿ ಒಪ್ಪಬೇಕಪಾ. ಸೊಸೈಟಿಯವರು ಬ್ಯಾರೆ ಇದ್ದಾರ. ಮಗಗ ಫೋನ್ ಹಚ್ಚಿ ಕೇಳತೀನಿ ಅಂತ ಹೇಳು ಇವಗ" ಎಂದರು. ಹೇಳಿದೆ. ಹುಡುಗ ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿ, ನಂಬರ್ ಬರೆದುಕೊಟ್ಟು ಹೋದ. ಆ ಚೀಟಿ ಕಾಕಾ ಅವರ ಜೇಬಿನಲ್ಲಿ ಇನ್ನೂ ಇದೆ. ಮೊನ್ನೆ ಸಂಘದ ಸಭೆಯಲ್ಲಿ ಕನ್ನಡಕ ತೆಗೆಯುವಾಗ ಕೆಳಗೆ ಬಿತ್ತು, ಎತ್ತಿ ಮಡಿಸಿ ಮತ್ತೆ ಇಟ್ಟುಕೊಂಡರು.