ಔಷಧದಾನ ಮತ್ತು ಅಭಯದಾನ

ಡುಶೆನ್ ರೋಗವು ಹೆಚ್ಚಾಗಿ ಗಂಡುಮಕ್ಕಳ ಸ್ನಾಯುಗಳನ್ನು ಕ್ಷೀಣಗೊಳಿಸುವ ಆನುವಂಶಿಕ ವ್ಯಾಧಿ. ಕೆಟ್ಟ ವಂಶವಾಹಿಗೆ ಬದಲಾಗಿ ಸರಿಯಾದುದನ್ನು ಸ್ನಾಯುವಿಗೆ ತಲುಪಿಸುವುದು ವಿಜ್ಞಾನದ ಆಶಯ. 1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸಂಶೋಧಕರು ಬರಿಯ ಡಿಎನ್‌ಎಯನ್ನು ಇಲಿಯ ಸ್ನಾಯುವಿಗೆ ಚುಚ್ಚಿದಾಗ ಅದು ಅಲ್ಲಿ ಕಾರ್ಯಪ್ರವೃತ್ತವಾಯಿತು. ಪೊಲಾಕ್ಸಮರ್‌ನಂತಹ ಕೃತಕ ಪಾಲಿಮರ್ ಬೆರೆಸಿದರೆ ಫಲ ಹೆಚ್ಚುವುದೆಂದು ಮುಂದೆ ಇಲಿಗಳಲ್ಲಿಯೇ ಕಂಡುಬಂದಿತು.

ಪಾಲಿಮರ್ ನಿರ್ಜೀವ ವಸ್ತು. ಇಲ್ಲಿ ವೈರಸ್ಸಿನ ಹಂಗಿಲ್ಲ. ಆದರೆ ವಸ್ತು ಶುದ್ಧವಾದ ಮಾತ್ರಕ್ಕೆ ಮಾರ್ಗವು ಶುದ್ಧವಾಗದು. ಫಲವನ್ನು ಅಳೆಯಲು ಸಾಮಾನ್ಯವಾಗಿ ಇಲಿಯನ್ನು ಕೊಂದು ಸ್ನಾಯುವನ್ನು ತೆಗೆಯುತ್ತಾರೆ. ಇಲಿಯು ಪಂಚೇಂದ್ರಿಯ ಜೀವ; ಅದರ ವಧೆ ತಿಳಿದೇ ನಡೆಯುವಂಥದು. ಅದನ್ನು ಆರಂಭೀ ಹಿಂಸೆಯೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದು ಸಂಕಲ್ಪೀ ಹಿಂಸೆಯೇ.

ಹಾಗಾದರೆ ರೋಗಿಯ ತಂದೆ ಔಷಧವನ್ನು ನಿರಾಕರಿಸಬೇಕೇ? ಬೇಡ. ಮಗುವಿನ ಪ್ರಾಣವನ್ನು ಒತ್ತೆಯಿಟ್ಟು ಪಾಲಿಸುವ ವ್ರತದಲ್ಲಿ ಕರುಣೆಯಿಲ್ಲ. ಸಿದ್ಧವಾದ ಔಷಧವನ್ನು ವಿಷಾದದಿಂದ ಸ್ವೀಕರಿಸುವುದು ಬೇರೆ. ಮುಂದಿನ ವಧೆಗೆ ಹಣವೊದಗಿಸುವುದು ಬೇರೆ. ಎರಡನೆಯದು ಕಾರಿತ ಹಿಂಸೆ.

2023ರಲ್ಲಿ ಭಾರತವು ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಮಾನವ ಜೀವಕೋಶಗಳನ್ನು ಬಳಸುವ ಪ್ರಾಣಿಯೇತರ ಪರೀಕ್ಷೆಗಳಿಗೂ ಅವಕಾಶ ನೀಡಿತು. ವೈದ್ಯಕೀಯ ಸಂಶೋಧನೆಗೆ ನೆರವೀಯುವ ಬಸದಿಯ ಟ್ರಸ್ಟುಗಳು ಆ ದಾರಿಯನ್ನೇ ಆರಿಸಿಕೊಳ್ಳಲಿ. ಚತುರ್ವಿಧ ದಾನಗಳಲ್ಲಿ ಔಷಧದಾನದೊಡನೆ ಅಭಯದಾನವೂ ಸೇರಿದೆ. ಒಂದನ್ನು ನೀಡಲು ಮತ್ತೊಂದನ್ನು ಕಸಿಯುವುದು ಧರ್ಮವಲ್ಲ.