ಸ್ಥಾಪಕನೂ ಸ್ವತ್ವವೂ

ಒಬ್ಬನು ತನ್ನ ಹೊಲದಲ್ಲಿ ಬಾವಿಯನ್ನು ತೋಡಿದರೆ ಬಾವಿಯು ಅವನದು, ಇದರಲ್ಲಿ ವಿವಾದವಿಲ್ಲ. ಇನ್ನೊಬ್ಬನು ಊರ ಹೊರಗಿನ ತನ್ನ ನೆಲದಲ್ಲಿ ಮರದ ಬುಡಕ್ಕೆ ಕಟ್ಟೆ ಕಟ್ಟಿಸಿ, ದಿನವೂ ಗುಡಿಸಿ, ನೀರು ಚಿಮುಕಿಸಿ, ಸಂಜೆಗೆ ದೀಪವಿಟ್ಟು ಬಂದನೆಂದಿಟ್ಟುಕೊಳ್ಳಬಹುದು. ಕಾಲಕ್ರಮದಲ್ಲಿ ಊರವರು ಅಲ್ಲಿ ಸೇರಿ ಸುದ್ದಿ ಹೇಳುವುದೂ, ಕೊಡುವುದು ಕೊಳ್ಳುವುದೂ, ವ್ಯಾಜ್ಯ ತೀರಿಸಿಕೊಳ್ಳುವುದೂ ರೂಢಿಯಾಯಿತು. ಕಟ್ಟೆಯ ಕಲ್ಲು ಯಾರದೆಂದು ಕೇಳಿದರೆ ಉತ್ತರ ಸುಲಭ. ಆದರೆ ಅಲ್ಲಿ ಜನ ಸೇರುತ್ತಾರೆಂಬುದು ಯಾರ ಸೊತ್ತು? ಕಟ್ಟಿಸಿದವನು ಅದನ್ನು ಪರಸ್ಥಳದ ಸಾಹುಕಾರನಿಗೆ ಮಾರಬಹುದೆ?

ಈ ಪ್ರಶ್ನೆಯು ಇಂದು ಅಂತರ್ಜಾಲದಲ್ಲಿ ಬಹು ದೊಡ್ಡ ರೂಪದಲ್ಲಿ ಎದ್ದಿದೆ. ಹಣವಂತರ ಬಂಡವಾಳವನ್ನು ಬೇಡದೆ, ಆಳುಕಾಳುಗಳಿಲ್ಲದೆ, ಒಂದು ಗಣಕಯಂತ್ರವನ್ನು ಮಾತ್ರ ನೆಚ್ಚಿಕೊಂಡು ಯಾವನೊಬ್ಬನು ಅಲ್ಲಿ ಒಂದು ತಾಣವನ್ನು ಕಟ್ಟಬಹುದು. ಅದೃಷ್ಟವಿದ್ದರೆ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನರು ಅಲ್ಲಿ ನೆರೆಯಬಹುದು. ಹಾಗೆ ನೆರೆದವರು ಸ್ಥಾಪಕನು ಮಾಡಿಟ್ಟ ವಸ್ತುವಿಗಾಗಿ ಬಂದವರಲ್ಲ. ತಮ್ಮಂತೆಯೇ ಬಂದ ಇತರರು ತಂದಿಟ್ಟುದಕ್ಕಾಗಿ ಬಂದವರು. ಈ ಭೇದವನ್ನು ಮರೆತವರೇ ಈ ವಿಷಯದಲ್ಲಿ ಎರಡು ಪಕ್ಷಗಳಾಗಿ ನಿಂತು ವೃಥಾ ಕೂಗಾಡುತ್ತಾರೆ.

ನಿದರ್ಶನಕ್ಕೆ ಕ್ರೇಗ್ ನ್ಯೂಮಾರ್ಕ್ ಎಂಬವನ ವೃತ್ತಾಂತವನ್ನು ನೋಡಬಹುದು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿದ್ದ ಈತನು ೧೯೯೫ರಲ್ಲಿ, ಊರಿನಲ್ಲಿ ನಡೆಯುವ ಸಭೆ ಉತ್ಸವಗಳ ಸಮಾಚಾರವನ್ನು ಇಮೇಲ್ ಮೂಲಕ ತನ್ನ ಕೆಲವು ಮಿತ್ರರಿಗೆ ತಿಳಿಸತೊಡಗಿದನು. ಮಿತ್ರರ ಮಿತ್ರರು ಸೇರಿಕೊಂಡರು. ಖಾಲಿ ಇರುವ ಮನೆ, ಬೇಕಾಗಿರುವ ಕೆಲಸದಾಳು, ಮಾರಾಟಕ್ಕಿಟ್ಟ ಕುರ್ಚಿ ಮೇಜು ಮುಂತಾದ ಪ್ರಕಟಣೆಗಳನ್ನು ಜನರೇ ತಂದು ಹಾಕತೊಡಗಿದರು. ಕ್ರೇಗನ ಪಟ್ಟಿ ಎಂಬ ಅರ್ಥದ ‘ಕ್ರೇಗ್ಸ್‌ಲಿಸ್ಟ್’ ಎಂಬ ಹೆಸರು ಹೀಗೆ ಬಂದಿತು. ಸ್ವಯಂಸೇವಕರಿಂದ ಇದನ್ನು ನಡೆಸುವ ಯತ್ನವು ಕೈಗೂಡಲಿಲ್ಲ. ಆದಕಾರಣ ೧೯೯೯ರಲ್ಲಿ ಅವನು ಅದನ್ನು ಲಾಭಾರ್ಥವಾದ ಒಂದು ಕಂಪೆನಿಯನ್ನಾಗಿ ಮಾಡಿ ತನ್ನ ಪೂರ್ಣಕಾಲವನ್ನು ಅದಕ್ಕೆ ಕೊಟ್ಟನು. ಯಾರಿಂದ ಹಣ ತೆಗೆದುಕೊಳ್ಳಬೇಕೆಂದು ಬಳಸುವವರನ್ನೇ ಕೇಳಿದನು. ಬೇರೆಡೆ ಇದಕ್ಕಿಂತ ಹೆಚ್ಚು ಹಣ ತೆತ್ತು ಜಾಹೀರಾತು ಕೊಡುವ ಉದ್ಯೋಗದಾತರಿಂದಲೂ ಮನೆ ದಳ್ಳಾಳಿಗಳಿಂದಲೂ ತೆಗೆದುಕೊಳ್ಳಬಹುದೆಂದು ಅವರು ಹೇಳಿದರು. ಹಾಗೆಯೇ ನಡೆಯಿತು, ಉಳಿದುದೆಲ್ಲ ಬಹುತರ ಉಚಿತವಾಗಿಯೇ ನಿಂತಿತು. ಇಂತಹ ಸ್ಥಾಪಕನನ್ನು ಯಾರು ತಾನೆ ಮೆಚ್ಚರು? ಆದರೆ ಕಥೆಯ ಕ್ಲಿಷ್ಟಭಾಗವು ಮುಂದೆ ಬರುತ್ತದೆ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳುವುದು ನ್ಯಾಯ. ಆರಂಭದ ದಿನಗಳಲ್ಲಿ ಒಬ್ಬಂಟಿಯಾಗಿ ರಾತ್ರಿ ಎಚ್ಚತ್ತವನು ಸ್ಥಾಪಕನು. ಖರ್ಚು ಅವನದು, ಬೈಗುಳವೂ ಅವನದು. ಯಂತ್ರ ಕೆಟ್ಟರೆ ಜನರು ಬೆರಳು ತೋರಿಸುವುದು ಅವನ ಕಡೆಗೇ. ಉದ್ಯಮವು ಮುಳುಗಿದ್ದರೆ ನಷ್ಟವನ್ನು ಹಂಚಿಕೊಳ್ಳಲು ಆ ಲಕ್ಷಾಂತರ ಜನರಲ್ಲಿ ಒಬ್ಬನೂ ಬರುತ್ತಿರಲಿಲ್ಲ. ನಷ್ಟಕ್ಕೆ ಒಬ್ಬನೇ ಬಾಧ್ಯನಾದರೆ ಲಾಭಕ್ಕೆ ಮಾತ್ರ ಎಲ್ಲರೂ ಹೇಗೆ ಭಾಗಿಗಳು? ನಮ್ಮ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಹಣವು ಓದುಗರದೆಂದು ಯಾರೂ ಹೇಳಲಿಲ್ಲ.

ಈ ಕೊನೆಯ ಉಪಮಾನವೇ ಪೂರ್ವಪಕ್ಷದ ದೌರ್ಬಲ್ಯವನ್ನು ತೋರಿಸುತ್ತದೆ. ಗಳಗನಾಥರು ಮಾರಿದುದು ತಾವು ಬರೆದುದನ್ನು. ಓದುಗರು ಹೆಚ್ಚಿದುದರಿಂದ ಪುಸ್ತಕದ ಒಂದು ಪುಟವೂ ಹೆಚ್ಚಲಿಲ್ಲ. ಕೂಟದ ತಾಣದಲ್ಲಿಯಾದರೋ ಪುಟಗಳನ್ನೆಲ್ಲ ಬರೆದವರು ಬಂದವರೇ. ಸ್ಥಾಪಕನು ಹಲಗೆಯನ್ನು ತೂಗುಹಾಕಿದನು, ಸುಣ್ಣದ ಕಡ್ಡಿಯನ್ನು ಇಟ್ಟನು, ಅಕ್ಷರಗಳು ಅನ್ಯರವು.

ಮೀಮಾಂಸಾಶಾಸ್ತ್ರದಲ್ಲಿ ಇದಕ್ಕೆ ಸಮೀಪವಾದ ಒಂದು ವಿಚಾರವುಂಟು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ವಿಶ್ವಜಿತ್ ಯಾಗದ ಪ್ರಸಂಗ ಬರುತ್ತದೆ. ಆ ಯಾಗದಲ್ಲಿ ಯಜಮಾನನು ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ಹಾಗಾದರೆ ‘ನನ್ನ ತಂದೆ’, ‘ನನ್ನ ತಾಯಿ’ ಎಂದು ಹೇಳುತ್ತಾನಲ್ಲ, ಅವರನ್ನೂ ಕೊಡಬೇಕೆ? ಬೇಡ, ನನ್ನದೆಂಬ ಮಾತು ಸಂಬಂಧವನ್ನು ಹೇಳುತ್ತದೆಯೇ ಹೊರತು ಎಲ್ಲ ಕಡೆಯಲ್ಲಿಯೂ ಒಡೆತನವನ್ನು ಹೇಳುವುದಿಲ್ಲ. ಬಳಿಕ ಇನ್ನೊಂದು ಪ್ರಶ್ನೆ: ಸಾರ್ವಭೌಮನು ಯಾಗ ಮಾಡಿದರೆ ಭೂಮಂಡಲವನ್ನೇ ದಾನ ಮಾಡಬಹುದೆ? ಕೂಡದು ಎಂಬುದೇ ಸಿದ್ಧಾಂತ. ಭೂಮಿಯು ಅದರ ಮೇಲೆ ಬಾಳುವವರೆಲ್ಲರಿಗೂ ಸಮಾನವಾದುದು. ರಾಜನು ಪೈರನ್ನು ಕಾಯುತ್ತಾನೆ, ಕಾಯುವುದಕ್ಕಾಗಿ ಒಂದು ಪಾಲಿಗೆ ಅರ್ಹನಾಗುತ್ತಾನೆ, ಅದಕ್ಕಿಂತ ಮಿಗಿಲಾದ ಸ್ವತ್ವವು ಅವನಿಗಿಲ್ಲ ಎಂಬುದು ಶಬರಸ್ವಾಮಿಯ ಭಾಷ್ಯದ ಅಭಿಪ್ರಾಯ. ರಾಜರ ಅನ್ನವನ್ನುಂಡ ಪಂಡಿತರು ಹೀಗೆ ಬರೆಯಲು ಹಿಂಜರಿಯಲಿಲ್ಲವೆಂಬುದು ಗಮನಾರ್ಹ.

ಆದರೆ ಸ್ಥಾಪಕನನ್ನು ರಾಜನಿಗೆ ಹೋಲಿಸುವುದು ಪೂರ್ಣವಾಗಿ ಸರಿಯಲ್ಲ. ರಾಜನು ಹುಟ್ಟುವುದಕ್ಕೆ ಮುಂಚೆಯೇ ಭೂಮಿಯಿತ್ತು. ತಾಣವಾದರೋ ಸ್ಥಾಪಕನಿಂದಲೇ ಹುಟ್ಟಿತು. ಇವನು ಕೆರೆಯನ್ನು ಕಟ್ಟಿಸಿದವನಿಗೆ ಹೆಚ್ಚು ಸಮೀಪನು. ಕೆರೆಯ ವಿಷಯದಲ್ಲಿ ಧರ್ಮಶಾಸ್ತ್ರವು ಉತ್ಸರ್ಗವೆಂಬ ಒಂದು ಕರ್ಮವನ್ನು ವಿಧಿಸುತ್ತದೆ. ದಾನದಲ್ಲಿ ಪಡೆಯುವವನು ಇಂಥವನೆಂದು ಗೊತ್ತಿರುತ್ತದೆ. ಉತ್ಸರ್ಗದಲ್ಲಿ ಕಟ್ಟಿಸಿದವನು ತನ್ನ ಸ್ವತ್ವವನ್ನು ಬಿಟ್ಟು ನೀರನ್ನು ಸಕಲಪ್ರಾಣಿಗಳಿಗೂ ಮೀಸಲಿಡುತ್ತಾನೆ. ಹಾಗೆ ಬಿಟ್ಟಮೇಲೆ ಅವನೇ ಅದರ ನೀರನ್ನು ಕುಡಿಯಬಹುದೆ ಎಂದು ಕೇಳಿ, ಕುಡಿಯಬಹುದು, ಆ ಸಕಲರಲ್ಲಿ ಅವನೂ ಒಬ್ಬನಲ್ಲವೆ ಎಂದು ನಿಬಂಧಕಾರರಲ್ಲಿ ಹೆಚ್ಚಿನವರು ಉತ್ತರಿಸುತ್ತಾರೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಇದು: ಸ್ಥಾಪಕನು ಉತ್ಸರ್ಗ ಮಾಡಿದ್ದಾನೆಯೆ, ಇಲ್ಲವೆ? ಮಾಡದಿದ್ದರೆ ಕೆರೆಯು ಅವನದೇ. ಅದನ್ನು ಅವನು ಸ್ಪಷ್ಟವಾಗಿ ಹೇಳಿ ನೀರಿಗೆ ಬೆಲೆ ತೆಗೆದುಕೊಂಡರೆ ಅಧರ್ಮವೇನೂ ಇಲ್ಲ.

ಹೀಗೆ ಸ್ಪಷ್ಟವಾಗಿ ಹೇಳಿದವರುಂಟು. ಅಂತರ್ಜಾಲದಲ್ಲಿ ಓದಿದ ಪುಟಗಳ ಗುರುತನ್ನು ಜೋಡಿಸಿಟ್ಟುಕೊಂಡು ಇತರರೊಡನೆ ಹಂಚಿಕೊಳ್ಳುವ ‘ಡೆಲಿಶಿಯಸ್’ ಎಂಬ ತಾಣವನ್ನು ಜೋಶುವಾ ಶಾಕ್ಟರ್ ಎಂಬವನು ೨೦೦೩ರಲ್ಲಿ ಸ್ಥಾಪಿಸಿದ್ದನು; ಅದು ಉಚಿತವಾಗಿತ್ತು. ೨೦೦೫ರಲ್ಲಿ ಅದು ಯಾಹೂ ಕಂಪೆನಿಗೆ ವಿಕ್ರಯವಾಯಿತು. ಅದೇ ಬಗೆಯ ‘ಪಿನ್‌ಬೋರ್ಡ್’ ಎಂಬ ತಾಣವನ್ನು ಮಾಚೆಯ್ ಸೆಗ್ಲೋವ್‌ಸ್ಕಿ ಎಂಬವನು ೨೦೦೯ರಲ್ಲಿ ತೆರೆದನು. ಆದರೆ ಸೇರುವವರಿಂದ ಮೊದಲ ದಿನದಿಂದಲೇ ಹಣ ಕೇಳಿದನು, ಸೇರಿದವರ ಸಂಖ್ಯೆ ಏರಿದಂತೆ ಪ್ರವೇಶದ ಹಣವೂ ಕಿಂಚಿತ್ ಕಿಂಚಿತ್ತಾಗಿ ಏರುವಂತೆ ಮಾಡಿದನು. ಇದು ಅಂಗಡಿಯೆಂದೂ ತಾನು ಅಂಗಡಿಕಾರನೆಂದೂ ಮರೆಮಾಚಲಿಲ್ಲ. ೨೦೧೦ರ ಕೊನೆಯಲ್ಲಿ ಯಾಹೂವು ಡೆಲಿಶಿಯಸನ್ನು ಕೈಬಿಡಲಿದೆಯೆಂಬ ಸಮಾಚಾರ ಹೊರಬಿದ್ದಾಗ ಅಲ್ಲಿದ್ದವರಲ್ಲಿ ಅನೇಕರು ಈ ಅಂಗಡಿಗೆ ಬಂದರು. ಕೊನೆಗೆ ೨೦೧೭ರಲ್ಲಿ, ಹಲವು ಕೈ ಬದಲಾಯಿಸಿದ್ದ ಡೆಲಿಶಿಯಸನ್ನು ಈತನೇ ೩೫,೦೦೦ ಡಾಲರಿಗೆ ಕೊಂಡುಕೊಂಡನು. ಉಚಿತವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ‘ಯೋಗ್ಯವಾದುದು’ ಎಂಬ ಅರ್ಥವೂ ಉಂಟು. ಆದರೆ ಉಚಿತವಾದುದೆಲ್ಲ ಉಚಿತವಾಗಿರುವುದಿಲ್ಲ.

ದೋಷವಿರುವುದು ಉತ್ಸರ್ಗವನ್ನು ಮಾಡದೆ ಉತ್ಸರ್ಗದ ಮಾತನ್ನಾಡುವವರಲ್ಲಿ. ಕ್ಯಾಲಿಫೋರ್ನಿಯದಲ್ಲಿ ಡೇವಿಡ್ ಬೊನೆಟ್ ಎಂಬವನು ೧೯೯೪ರಲ್ಲಿ ಆರಂಭಿಸಿದ ಉದ್ಯಮವು ಮುಂದೆ ‘ಜಿಯೋಸಿಟೀಸ್’ ಎಂದು ಪ್ರಸಿದ್ಧವಾಯಿತು. ಅದು ಯಾರು ಬಂದರೂ ಉಚಿತವಾಗಿ ಒಂದು ನಿವೇಶನವನ್ನು ಕೊಡುತ್ತಿತ್ತು. ವಿಷಯಕ್ಕೆ ತಕ್ಕಂತೆ ಕೇರಿಗಳನ್ನು ಮಾಡಿ, ಚಲಚ್ಚಿತ್ರದವರಿಗೆ ಹಾಲಿವುಡ್, ರಾಜಕೀಯದವರಿಗೆ ಕ್ಯಾಪಿಟಲ್ ಹಿಲ್ ಎಂದು ಹೆಸರಿಟ್ಟಿದ್ದರು. ಬಂದವರನ್ನು ಗಿರಾಕಿಗಳೆನ್ನದೆ, ಹೊಸ ನೆಲದಲ್ಲಿ ಮನೆಮಾಡಿಕೊಂಡ ಒಕ್ಕಲಿಗರೆಂಬ ಅರ್ಥದ ಹೆಸರಿನಿಂದ ಕರೆದರು. ೧೯೯೯ರಲ್ಲಿ ಯಾಹೂ ಕಂಪೆನಿಯು ಸುಮಾರು ೩೫೭ ಕೋಟಿ ಡಾಲರು ಬೆಲೆಯ ಷೇರುಗಳನ್ನು ಕೊಟ್ಟು ಇದನ್ನು ಕೊಂಡಿತು. ಆ ವರ್ಷವೇ ಅದು ಹೊರಡಿಸಿದ ಹೊಸ ಕರಾರಿನಲ್ಲಿ ಜನರು ಬರೆದುಕೊಂಡುದರ ಮೇಲೆಲ್ಲ ತನಗೆ ವಿಸ್ತಾರವಾದ ಹಕ್ಕುಂಟೆಂದಿತ್ತು. ಒಕ್ಕಲುಗಳು ಪ್ರತಿಭಟಿಸಿದರು, ಕಂಪೆನಿಯು ಕರಾರನ್ನು ತಿದ್ದಿತು. ಆದರೆ ಕರಾರು ತಿದ್ದಿದಮಾತ್ರಕ್ಕೆ ಅವರಿಗೆ ನೆಲವು ದಕ್ಕಲಿಲ್ಲ. ಒಕ್ಕಲೆಂದು ಕರೆದು ಕೂರಿಸಿದವನಿಗೆ, ಒಕ್ಕಲುಸಮೇತ ಊರನ್ನು ಮಾರುವ ಅಧಿಕಾರವು ಕಾಗದದಲ್ಲಿತ್ತು; ಮಾತಿನಲ್ಲಿರಲಿಲ್ಲ. ಧರ್ಮವು ಮಾತನ್ನು ನೋಡುತ್ತದೆ, ನ್ಯಾಯಾಸ್ಥಾನವು ಕಾಗದವನ್ನು ನೋಡುತ್ತದೆ.

ಕ್ರೇಗನ ಕಥೆಯ ಕ್ಲಿಷ್ಟಭಾಗವು ಇಲ್ಲಿಯೇ ಇದೆ. ಅವನು ತನ್ನ ಕಂಪೆನಿಯ ಒಂದು ಪಾಲನ್ನು ಹಿಂದೆ ಜೊತೆಯಲ್ಲಿ ಕೆಲಸ ಮಾಡಿದ ಒಬ್ಬನಿಗೆ ಕೊಟ್ಟಿದ್ದನು. ಆತನು ೨೦೦೪ರಲ್ಲಿ ಆ ಪಾಲನ್ನು ಈಬೇ ಎಂಬ ದೊಡ್ಡ ಹರಾಜು ಕಂಪೆನಿಗೆ ಮಾರಿದನು. ನೂರಕ್ಕೆ ೨೮ಕ್ಕಿಂತ ಸ್ವಲ್ಪ ಹೆಚ್ಚಿನ ಪಾಲು ಹೀಗೆ ಅನ್ಯರ ಕೈಸೇರಿತು. ಈ ವ್ಯವಹಾರಕ್ಕೆ ಕ್ರೇಗನೂ, ಕಾರ್ಯನಿರ್ವಾಹಕನಾದ ಜಿಮ್ ಬಕ್‌ಮಾಸ್ಟರನೂ ಒಪ್ಪಿಗೆ ಕೊಟ್ಟು ತಲಾ ೮೦ ಲಕ್ಷ ಡಾಲರು ಪಡೆದರು. ೨೦೦೭ರಲ್ಲಿ ಈಬೇಯು ಅಮೆರಿಕದಲ್ಲಿಯೇ ಇದಕ್ಕೆ ಪ್ರತಿಸ್ಪರ್ಧಿಯಾದ ತಾಣವನ್ನು ತೆರೆದಾಗ ಇವರು ಎಚ್ಚತ್ತು, ಈಬೇಯ ಕೈ ಕಟ್ಟುವಂತಹ ನಿಯಮಗಳನ್ನು ಮಾಡಿದರು. ಮೊಕದ್ದಮೆಯು ಡೆಲಾವೇರ್ ಸಂಸ್ಥಾನದ ನ್ಯಾಯಾಲಯಕ್ಕೆ ಹೋಯಿತು. ತಾಣವು ಜನಸೇವೆಗಾಗಿ ಇರುವುದು, ಆ ಸಂಪ್ರದಾಯವನ್ನು ತಮ್ಮ ಮರಣಾನಂತರವೂ ಉಳಿಸಲು ಈ ನಿಯಮಗಳು ಬೇಕು ಎಂಬುದು ಇವರ ವಾದ. ೨೦೧೦ರಲ್ಲಿ ತೀರ್ಪು ಬಂದಿತು. ಲಾಭಾರ್ಥವಾದ ಕಂಪೆನಿಯ ರೂಪವನ್ನು ತಾವೇ ಆರಿಸಿಕೊಂಡು, ಪಾಲುಗಾರನನ್ನು ಸೇರಿಸಿಕೊಂಡು, ಅವನ ಹಣವನ್ನೂ ತೆಗೆದುಕೊಂಡಮೇಲೆ, ಪಾಲುಗಾರರ ಲಾಭವು ತಮ್ಮ ಲಕ್ಷ್ಯವೇ ಅಲ್ಲವೆಂದು ಹೇಳಲು ಬರುವುದಿಲ್ಲವೆಂಬುದು ಅದರ ತಾತ್ಪರ್ಯ. ನಿಯಮಗಳಲ್ಲಿ ಒಂದು ಮಾತ್ರ ಉಳಿಯಿತು, ಉಳಿದವು ಬಿದ್ದುಹೋದವು.

ಈ ತೀರ್ಪನ್ನು ಹಣದ ಗೆಲವೆಂದು ದೂಷಿಸಿದವರು ಬಹುಮಂದಿ. ದೂಷಣೆಯು ಸರಿಯಲ್ಲ. ಕ್ರೇಗನ ಅಂತಃಕರಣದಲ್ಲಿ ಉತ್ಸರ್ಗವಾಗಿತ್ತು, ನಡತೆಯಲ್ಲಿಯೂ ಬಹುಭಾಗ ಆಗಿತ್ತು. ಪತ್ರದಲ್ಲಿ ಮಾತ್ರ ಆಗಿರಲಿಲ್ಲ. ಸಂಕಲ್ಪಮಾತ್ರದಿಂದ ಕೆರೆಯು ಊರಿನದಾಗುವುದಿಲ್ಲ. ನಾಲ್ಕು ಜನರ ಎದುರಿನಲ್ಲಿ ನೀರು ಬಿಡಬೇಕು. ತನ್ನ ಮನಸ್ಸು ಒಳ್ಳೆಯದಾಗಿರುವವರೆಗೆ ಯಾವ ಪತ್ರವೂ ಬೇಡವೆನ್ನುವ ಸಜ್ಜನರಿಂದಲೇ ಲೋಕದಲ್ಲಿ ಬಹಳ ವ್ಯಾಜ್ಯಗಳು ಹುಟ್ಟಿವೆ. ೨೦೧೫ರಲ್ಲಿ ಕ್ರೇಗ್ಸ್‌ಲಿಸ್ಟು ಆ ಪಾಲನ್ನು ಈಬೇಯಿಂದ ಮರಳಿ ಕೊಂಡುಕೊಂಡಿತು.

ಉತ್ಸರ್ಗ ಮಾಡಿದವನು ಏನು ತಿನ್ನಬೇಕು ಎಂಬ ಆಕ್ಷೇಪಕ್ಕೆ ಕನ್ನಡನಾಡಿನ ಶಾಸನಗಳಲ್ಲಿಯೇ ಸಮಾಧಾನವುಂಟು. ಕೆರೆ ಕಟ್ಟಿದವನಿಗೂ ಕಾಯ್ದು ದುರಸ್ತು ಮಾಡುವವನಿಗೂ ಕೆರೆಯ ಕೆಳಗೆ ಕಟ್ಟುಕೊಡಗೆ ಎಂದು ಭೂಮಿ ಬಿಡುತ್ತಿದ್ದರು. ಅವನು ಅದನ್ನು ಉತ್ತು ಸುಖವಾಗಿ ಬಾಳಬಹುದು. ಅದರಿಂದ ಕೆರೆಯು ಅವನದಾಗುತ್ತಿರಲಿಲ್ಲ. ಉದ್ಯೋಗದಾತರಿಂದ ಕ್ರೇಗನು ತೆಗೆದುಕೊಂಡ ಹಣವು ಇಂತಹ ಕೊಡಗೆಯೇ.

ಪತ್ರದಲ್ಲಿಯೂ ಉತ್ಸರ್ಗವನ್ನು ಮಾಡಿದ ನಿದರ್ಶನ ವಿಕಿಪೀಡಿಯ. ಜಿಮ್ಮಿ ವೇಲ್ಸ್, ಲ್ಯಾರಿ ಸ್ಯಾಂಗರ್ ಎಂಬವರು ೨೦೦೧ರಲ್ಲಿ ಅದನ್ನು ಆರಂಭಿಸಿದಾಗ ಅದು ವೇಲ್ಸನ ವ್ಯಾಪಾರ ಸಂಸ್ಥೆಯೊಂದರ ಆಶ್ರಯದಲ್ಲಿತ್ತು. ಆದರೆ ಬರೆದುದನ್ನು ಯಾರು ಬೇಕಾದರೂ ನಕಲು ಮಾಡಿ ಬೇರೆಡೆಗೆ ಕೊಂಡೊಯ್ಯಬಹುದೆಂಬ ಅನುಮತಿಯು ಮೊದಲಿನಿಂದಲೇ ಇತ್ತು. ೨೦೦೨ರಲ್ಲಿ ಜಾಹೀರಾತು ಬರಬಹುದೆಂಬ ಮಾತು ಕೇಳಿಬಂದುದೇ ತಡ, ಸ್ಪ್ಯಾನಿಷ್ ಭಾಷೆಯ ಲೇಖಕರಲ್ಲಿ ಅನೇಕರು ತಮ್ಮ ಲೇಖನಗಳನ್ನು ಎತ್ತಿಕೊಂಡು ಹೋಗಿ ಪ್ರತ್ಯೇಕ ವಿಶ್ವಕೋಶವನ್ನೇ ಹೂಡಿದರು. ೨೦೦೩ರಲ್ಲಿ ಎಲ್ಲವೂ ಲಾಭರಹಿತವಾದ ಒಂದು ಪ್ರತಿಷ್ಠಾನಕ್ಕೆ ಸೇರಿತು. ಆ ವರ್ಷವೇ ಕನ್ನಡದ ವಿಕಿಪೀಡಿಯವೂ ಆರಂಭವಾಯಿತು. ಬಂದವರು ತಮ್ಮ ಗಂಟಿನೊಡನೆ ಎದ್ದು ಹೋಗಬಲ್ಲರೆಂಬುದು ಸ್ಥಾಪಕನನ್ನು ಧರ್ಮದಲ್ಲಿ ನಿಲ್ಲಿಸುವುದಕ್ಕೆ ನೂರು ಪ್ರತಿಜ್ಞೆಗಳಿಗಿಂತ ಹೆಚ್ಚಿನ ಬಲವುಳ್ಳದ್ದು.

ಇನ್ನು, ಸ್ಥಾಪಕನು ದಣಿದರೆ? ಅವನೂ ಮನುಷ್ಯನು, ಮುದಿತನ, ರೋಗ, ಬೇಸರ ಅವನಿಗೂ ಉಂಟು. ಬಾಗಿಲನ್ನು ಮುಚ್ಚುವ ಅಧಿಕಾರವೂ ಅವನಿಗಿಲ್ಲವೆಂದರೆ ಸ್ಥಾಪಕತ್ವವು ಜೀತವಾದೀತು. ಮುಚ್ಚಬಹುದು; ಆದರೆ ಮುಂಚಿತವಾಗಿ ಹೇಳಬೇಕು, ಅವರವರದನ್ನು ಅವರವರು ತೆಗೆದುಕೊಂಡು ಹೋಗಲು ಅವಕಾಶ ಕೊಡಬೇಕು. ಜಿಯೋಸಿಟೀಸನ್ನು ಮುಚ್ಚುವುದಾಗಿ ಯಾಹೂವು ೨೦೦೯ರ ಏಪ್ರಿಲಿನಲ್ಲಿ ತಿಳಿಸಿ ಅಕ್ಟೋಬರಿನಲ್ಲಿ ಮುಚ್ಚಿತು. ಅವಧಿಯೇನೋ ಆರು ತಿಂಗಳಿತ್ತು. ಆದರೆ ಅಲ್ಲಿ ಮನೆ ಕಟ್ಟಿದವರಲ್ಲಿ ಎಷ್ಟೋ ಮಂದಿ ಆ ಕೇರಿಯನ್ನು ಬಿಟ್ಟು ವರ್ಷಗಳಾಗಿದ್ದುವು, ಕೆಲವರು ತೀರಿಯೂ ಹೋಗಿದ್ದಿರಬೇಕು. ಆಗ ಯಾರೂ ಕರೆಯದೆ, ಯಾರಿಂದಲೂ ಕೂಲಿ ಪಡೆಯದೆ, ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡವೊಂದು ಹಗಲಿರುಳು ಕುಳಿತು ಆ ಪುಟಗಳಲ್ಲಿ ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಕೊಂಡಿತು. ಮಕ್ಕಳ ಹುಟ್ಟುಹಬ್ಬದ ಚಿತ್ರಗಳು, ಸತ್ತ ನಾಯಿಯ ನೆನಪಿಗೆ ಬರೆದ ನಾಲ್ಕು ಸಾಲು, ಮುಗಿಯದ ಕಥೆಗಳು ಎಲ್ಲವೂ ಆ ಗಂಟಿನಲ್ಲಿ ಸೇರಿದುವು. ಜಪಾನಿನಲ್ಲಿ ಉಳಿದಿದ್ದ ಜಿಯೋಸಿಟೀಸು ಇನ್ನೂ ಹತ್ತು ವರ್ಷ ನಡೆದು ೨೦೧೯ರ ಮಾರ್ಚಿ ೩೧ರಂದು ಮುಚ್ಚಿತು.